ತುಂಬುತೋಳಿನ ಇಂಗ್ಲಿಷು

ನಾನು ಇಂಗ್ಲಿಷ್ ತರಗತಿಗೆ ಸೇರಿದ್ದು ಕಲಿಯುವ ಆಸೆಯಿಂದಲ್ಲ, ಕುರ್ಚಿ ತುಂಬಿಸಲು. ನನ್ನ ಮಗಳು ಗ್ರಂಥಾಲಯದ ಮಹಡಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಾಳೆ. ಅದು ಅವಳ ಮೊದಲ ಕೆಲಸ. ಹತ್ತು ಜನ ಸೇರಬೇಕು, ಆರು ತಿಂಗಳಾದ ಮೇಲೆ ಹತ್ತೂ ಜನ ಬಾಯಿಪರೀಕ್ಷೆಯಲ್ಲಿ ಪಾಸಾಗಬೇಕು, ಇಲ್ಲದಿದ್ದರೆ ತರಗತಿ ಮುಚ್ಚುತ್ತೇವೆ ಎಂದು ಅವಳನ್ನು ಕೆಲಸಕ್ಕಿಟ್ಟುಕೊಂಡ ಕಲಿಕಾ ಕೇಂದ್ರದವರು ಮೊದಲೇ ಹೇಳಿದ್ದರು. ಒಂಬತ್ತು ಜನ ಸಿಕ್ಕರು. ಹತ್ತನೆಯವರು ಸಿಗದೆ ಅವಳು ಮುಖ ಸಣ್ಣದು ಮಾಡಿಕೊಂಡು ಕೂತಾಗ, ಬಟ್ಟೆ ಕತ್ತರಿಸುತ್ತಿದ್ದ ನಾನು ಕತ್ತರಿ ಕೆಳಗಿಡದೆಯೇ "ನನ್ನ ಹೆಸರು ಬರ್ಕೋ" ಎಂದುಬಿಟ್ಟೆ. ನಾನು ಮೂವತ್ತೊಂದು ವರ್ಷದಿಂದ ದರ್ಜಿ. ಗಿರಾಕಿಗೇ "ಆಗಲ್ಲ" ಎಂದು ಹೇಳಿ ಅಭ್ಯಾಸವಿಲ್ಲದ ಬಾಯಿ, ಮಗಳಿಗೆ ಹೇಳೀತೇ?

ತರಗತಿಯಲ್ಲಿ ಅವಳದೊಂದು ನಿಯಮ. ಅಲ್ಲಿ ಎಲ್ಲರೂ 'ನೀವು'. ಮನೆಯಲ್ಲಿ "ಅಪ್ಪ, ನೀನು ಟೀ ಕುಡಿದ್ಯಾ" ಎನ್ನುವವಳು ಆ ಮೆಟ್ಟಿಲು ಹತ್ತಿದ ಕೂಡಲೇ "ಟೇಲರ್ ಮಾಸ್ತರೇ, ನೀವು ಹೇಳಿ" ಎನ್ನುತ್ತಿದ್ದಳು. ಮೊದಲ ದಿನ ಯಾರನ್ನು ಕರೆಯುತ್ತಿದ್ದಾಳೆ ಎಂದು ನಾನು ಹಿಂದೆ ತಿರುಗಿ ನೋಡಿದೆ. ಆಮೇಲೆ ಅದೇ ಹಿತವಾಯಿತು. ಬೈಸಿಕೊಳ್ಳುವವರು ಮಾಸ್ತರು, ನಾನಲ್ಲ ಎಂದುಕೊಳ್ಳಬಹುದಿತ್ತು.

ಬೈಗುಳಕ್ಕಂತೂ ಬರವಿರಲಿಲ್ಲ. ನನಗೆ ಕಂಟಕವಾಗಿ ಬಂದದ್ದು 'ಮಾಡು'. ನಮ್ಮಲ್ಲಿ ಊಟಕ್ಕೂ ಮಾಡು, ಕೆಲಸಕ್ಕೂ ಮಾಡು, ತಪ್ಪಿಗೂ ಮಾಡು, ಏನೂ ಮಾಡದೆ ಬಿದ್ದುಕೊಂಡರೂ ನಿದ್ದೆ ಮಾಡು. ಇಂಗ್ಲಿಷಿನವರು ಅದನ್ನು ಸೀಳಿ ಮೇಕ್, ಡೂ ಎಂದು ಎರಡು ಮಾಡಿಟ್ಟಿದ್ದಾರೆ. ಟೀಗೆ ಮೇಕ್, ಅದೇ ಟೀ ಪಾತ್ರೆ ತೊಳೆಯುವುದಕ್ಕೆ ಡೂ. ಗಲಾಟೆಗೆ ಮೇಕ್, ವ್ಯಾಯಾಮಕ್ಕೆ ಡೂ. 'ನೋಡು' ಇನ್ನೂ ಕೆಟ್ಟದ್ದು, ಅದನ್ನು ಮೂರು ತುಂಡು ಮಾಡಿದ್ದಾರೆ: ತಾನಾಗಿ ಕಣ್ಣಿಗೆ ಬಿದ್ದರೆ ಸೀ, ಬೇಕೆಂದು ಕಣ್ಣು ಹಾಯಿಸಿದರೆ ಲುಕ್, ಕಣ್ಣಿಟ್ಟು ಕೂತರೆ ವಾಚ್. "ಐ ಡೂ ಕೋಟ್, ಐ ಮೇಕ್ ಇಸ್ತ್ರಿ" ಎಂದೆ ನಾನು. ಪಕ್ಕದಲ್ಲಿದ್ದ ಬಸ್ ಡ್ರೈವರ್ ಕಿಸಕ್ಕನೆ ನಕ್ಕ. ಹಿಂದಿನ ದಿನವಷ್ಟೇ ತಾನು ಬಸ್ಸನ್ನು ಮೇಕ್ ಮಾಡುತ್ತೇನೆ ಎಂದಿದ್ದ ಮಹಾನುಭಾವ ಅವನು.

ಪರೀಕ್ಷೆಗೆ ಹತ್ತು ದಿನ ಉಳಿದಾಗ ಆ ಡ್ರೈವರೂ ಸೇರಿ ಒಂಬತ್ತು ಜನ ದಾರಿಗೆ ಬಂದಿದ್ದರು. ನಾನು ಮಾತ್ರ ಎಲ್ಲಿದ್ದೆನೋ ಅಲ್ಲೇ. ಮಗಳು ನನ್ನನ್ನು ಬೈಯುವುದನ್ನೇ ನಿಲ್ಲಿಸಿದಳು, ನನಗೆ ಹೆದರಿಕೆಯಾದದ್ದು ಆಗಲೇ. ಬೈಯುವವರೆಗೂ ಆಸೆ ಇರುತ್ತದೆ. ನನ್ನೊಬ್ಬನ ದಡ್ಡತನಕ್ಕೆ ಅವಳ ಕೆಲಸ ಹೋಗುವುದರಲ್ಲಿತ್ತು. ಮಾನವಂತನಾದರೆ ಕೂತು ಓದುತ್ತಿದ್ದ. ನಾನು ಕೂತು ಕೋಟು ಹೊಲಿದೆ.

"ಬರ್ದೇ ಇರೋ ಇಂಗ್ಲಿಷಿಗೆ ಕೋಟು ಬೇರೆ ಕೇಡು" ಎಂದಳು ಹೆಂಡತಿ. ಪರೀಕ್ಷೆ ಎಂದರೆ ಮರ್ಯಾದೆಯ ವಿಷಯ ಎಂದು ಅವಳ ಬಾಯಿ ಮುಚ್ಚಿಸಿದೆ. ಗಿರಾಕಿಗಳಿಲ್ಲದ ಮೂರು ಮಧ್ಯಾಹ್ನ, ಎಡತೋಳಿನ ತುದಿಗೆ ಒಳಪದರವಾಗಿ ಬರುವ ಕಪ್ಪು ಅಸ್ತರಿನ ಮೇಲೆ, ಸೀಮೆಸುಣ್ಣದ ಮೊನೆ ಚೂಪು ಮಾಡಿಕೊಂಡು, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇಡೀ ಪಟ್ಟಿ ಬರೆದೆ. ಗುಂಡಿಯ ಕಡೆಗೆ ಡೂ ಸಂಸಾರ, ಹೊಲಿಗೆಯ ಕಡೆಗೆ ಮೇಕ್ ಸಂಸಾರ, ನಡುವೆ ಸೀ, ಲುಕ್, ವಾಚ್. ತೋಳಿನ ತುದಿ ಎರಡು ಬೆರಳು ಮಗುಚಿದರೆ ಸಾಕು, ವಿದ್ಯೆ ಅಂಗೈಯಲ್ಲಿ. ಮೂರನೆಯ ದಿನ ಅಸ್ತರು ಕೂಡಿಸಿ, ಇಸ್ತ್ರಿ ಹಾಕಿ, ತೂಗುಹಾಕಿದೆ. ಕೆಲಸ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಮೋಸ ಮಾಡಲು ಹೊರಟಿದ್ದೇನೆ ಎನ್ನುವುದೇ ಮರೆತುಹೋಗಿತ್ತು.

ಪರೀಕ್ಷೆ ಮಾಡಲು ಕೇಂದ್ರದಿಂದ ಒಬ್ಬರು ಮೇಡಂ ಬಂದರು. ಅವರು ಕನ್ನಡದಲ್ಲಿ ಒಂದು ಮಾತು ಹೇಳುತ್ತಾರೆ, ನಾವು ಇಂಗ್ಲಿಷಿನಲ್ಲಿ ಹೇಳಬೇಕು. ಹತ್ತರಲ್ಲಿ ಆರು ಸರಿಯಾದರೆ ಪಾಸು. ಮಗಳು ಗೋಡೆ ಪಕ್ಕದ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಒಂಬತ್ತು ಜನರೂ ಪಾಸಾಗಿ ಹೊರಗೆ ನಿಂತಿದ್ದರು, ಕೊನೆಯವನು ನಾನು. ಮೇಡಂ "ನಾನು ತಪ್ಪು ಮಾಡಿದೆ" ಎಂದರು. ನಾನು ಮೇಜಿನ ಕೆಳಗೆ ಮೆಲ್ಲಗೆ ತೋಳು ಮಗುಚಿದೆ.

ಅಸ್ತರು ಕಪ್ಪಗೆ, ನೀಟಾಗಿ ಹೊಳೆಯುತ್ತಿತ್ತು. ಒಂದಕ್ಷರವೂ ಇರಲಿಲ್ಲ.

ಇದು ದರ್ಜಿಗೆ ಮಾತ್ರ ಒದಗಬಹುದಾದ ಅನಾಹುತ, ಬಿಡಿಸಿ ಹೇಳುತ್ತೇನೆ. ನಾವು ಬಟ್ಟೆಗೆ ಗುರುತು ಹಾಕುವುದು ಯಾವತ್ತೂ ಉಲ್ಟಾ ಕಡೆಗೆ. ಹೊಲಿದು ಮುಗಿಸಿದಾಗ ಗುರುತೆಲ್ಲ ಒಳಗೆ ಹೋಗಬೇಕು, ಹಾಕಿಕೊಳ್ಳುವವರಿಗೆ ಕಾಣಬಾರದು. ಸೀಮೆಸುಣ್ಣ ಹಿಡಿದರೆ ಸಾಕು, ನನ್ನ ಕೈ ತಾನಾಗಿ ಬಟ್ಟೆಯನ್ನು ಉಲ್ಟಾ ತಿರುಗಿಸುತ್ತದೆ, ತಲೆಯನ್ನು ಒಂದು ಮಾತೂ ಕೇಳುವುದಿಲ್ಲ. ನನ್ನ ಇಂಗ್ಲಿಷೆಲ್ಲ ಕೋಟಿಗೂ ಅಸ್ತರಿಗೂ ನಡುವೆ, ನಾನೇ ಹಾಕಿದ ಬಿಗಿ ಹೊಲಿಗೆಯೊಳಗೆ ಭದ್ರವಾಗಿ ಕೂತಿತ್ತು. ಕದಿಯಲು ಹೋಗಿ ಒಳಗಿನಿಂದ ಬೀಗ ಹಾಕಿಕೊಂಡ ಕಳ್ಳ ನಾನು.

ಮಗುಚಿದ ತೋಳನ್ನು ಇಳಿಸಿದೆ. ಬೆರಳು ಮಾತ್ರ ಆ ತೋಳಿನ ತುದಿಯನ್ನೇ ಸವರುತ್ತಿತ್ತು. ಸವರುತ್ತಾ ಇದ್ದಂತೆ, ತಪ್ಪನ್ನು ಹೊಲಿಗೆಯ ಕಡೆಗೆ ಬರೆದದ್ದು ನೆನಪಾಯಿತು. ಮೇಕ್. ಪಾತ್ರೆ ಗುಂಡಿಯ ಹತ್ತಿರವಿತ್ತು. ಡೂ. ಹೀಗೇ ಮುಟ್ಟಿ ಮುಟ್ಟಿ ಏಳು ಸರಿ ಹೇಳಿದೆ.

"ನಿಮ್ಮ ಕೈ ಯಾಕ್ರೀ ಆ ತೋಳು ಬಿಡ್ತಾನೇ ಇಲ್ಲ?" ಎಂದರು ಮೇಡಂ. ಕುಂಬಳಕಾಯಿ ಕಳ್ಳ ಎಂದರೆ ಯಾರೋ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡು ಕೂತಿದ್ದೆ. "ಸ್ವಲ್ಪ ಮಗುಚಿ ತೋರ್ಸಿ" ಎಂದರು. ತೋರಿಸಿದೆ. ಏನೂ ಕಾಣದೆ ಅವರಿಗೇ ನಾಚಿಕೆಯಾಗಿ "ಬೇಜಾರು ಮಾಡ್ಕೋಬೇಡಿ" ಎಂದು ಪಾಸು ಬರೆದರು. ಹೊರಗೆ ಎಲ್ಲರೂ ನನ್ನ ಬೆನ್ನು ತಟ್ಟಿದರು. ಮಗಳು ಮಾತ್ರ ನಗಲಿಲ್ಲ.

ಅವಳು ಬೆಳೆದದ್ದೇ ನನ್ನ ಕತ್ತರಿಸುವ ಮೇಜಿನ ಕೆಳಗೆ, ಚಿಂದಿಗಳ ನಡುವೆ. ಗುರುತು ಯಾವ ಕಡೆ ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಗೆ ಬಂದವಳೇ ಕೋಟು ತೆಗೆದುಕೊಂಡು, ಮಷಿನಿನ ಡ್ರಾಯರಿನಿಂದ ಬ್ಲೇಡು ತೆಗೆದು, ತೋಳಿನ ಹೊಲಿಗೆ ಬಿಚ್ಚಿದಳು. ನಾನು ಕಳ್ಳಬೆಕ್ಕಿನ ಹಾಗೆ ನಿಂತಿದ್ದೆ. ಅವಳು ಅಸ್ತರನ್ನು ಹೊರಳಿಸಿ ದೀಪಕ್ಕೆ ಹಿಡಿದಳು.

"ನನಗದು ಕಾಣ್ಲೇ ಇಲ್ಲಮ್ಮ" ಎಂದೆ. "ಕಾಣದ್ದನ್ನ ನೋಡಿ ಕಾಪಿ ಹೊಡಿಯೋಕಾಗುತ್ತಾ?"

"ಕಾಣ್ಲಿ ಅಂತ ತಾನೇ ಬರೆದಿದ್ದು?"

ನಾನು ಕೆಳಗೆ ಬಿದ್ದ ನೂಲಿನ ತುಂಡುಗಳನ್ನು ಆರಿಸತೊಡಗಿದೆ.

"ನಾಳೆ ಮೇಡಂಗೆ ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದಳು.

ಮನೆಯೊಳಗೆ, ಮಷಿನಿನ ಪಕ್ಕದಲ್ಲಿ ನಿಂತು, ನನಗೆ ನೀವು. ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಡತಿ ಕೂಡ ತಿರುಗಿ ನೋಡಿದಳು. "ಹೇಳಿದ್ರೆ ನಿನ್ನ ಕ್ಲಾಸು ಮುಚ್ಚುತ್ತೆ" ಎಂದೆ. "ಮುಚ್ಲಿ. ಪಾಸಾದ್ರೆ ನಾನು ಕಲಿಸಿದ್ರಿಂದ ಆಗ್ಬೇಕು, ನಿಮ್ಮ ಅಸ್ತರಿನಿಂದಲ್ಲ" ಎಂದು ಒಳಗೆ ಹೋದಳು.

ಮರುದಿನ ಕೋಟನ್ನು ಕೈಮೇಲೆ ಹಾಕಿಕೊಂಡು ಕೇಂದ್ರಕ್ಕೆ ಹೋಗಿ ಮೇಡಂಗೆ ಎಲ್ಲ ಹೇಳಿದೆ. ಅವರು ಆ ಪಟ್ಟಿಯನ್ನು ಕನ್ನಡಕ ಏರಿಸಿ ಪೂರ್ತಿ ಓದಿದರು. "ಇಷ್ಟು ಬರೆಯೋ ಹೊತ್ತಲ್ಲಿ ಕಲೀಬಹುದಿತ್ತಲ್ರೀ" ಎಂದರು. ನನ್ನ ಪಾಸು ಹೊಡೆದುಹಾಕಿದರು. ಶನಿವಾರ ಮತ್ತೆ ಪರೀಕ್ಷೆ, ಪ್ರಶ್ನೆ ಬೇರೆ, ಫೇಲಾದರೆ ತರಗತಿ ಇಲ್ಲ. "ಮತ್ತೆ, ಅರ್ಧ ತೋಳಿನ ಅಂಗಿ ಹಾಕ್ಕೊಂಡು ಬನ್ನಿ" ಎಂದರು.

ನನ್ನ ಹತ್ತಿರ ಅರ್ಧ ತೋಳಿನ ಅಂಗಿಯೇ ಇರಲಿಲ್ಲ. ಊರಿಗೆಲ್ಲ ಹೊಲಿಯುವವನು ತನಗೆ ಹೊಲಿದುಕೊಂಡದ್ದು ಆ ಕಳ್ಳ ಕೋಟು ಒಂದೇ. ನಾಲ್ಕು ದಿನ ಅಂಗಿ ಹೊಲಿಯುತ್ತಾ ಬಾಯಲ್ಲಿ ಮೇಕ್, ಡೂ ಜಪಿಸಿದೆ. ಬಾಗಿಲಾಚೆ ಬೆಕ್ಕು ಹೋದರೆ ಸೀ, ಅದು ಹಾಲಿನ ಕಡೆ ತಿರುಗಿದರೆ ವಾಚ್. ಆ ನಾಲ್ಕೂ ದಿನ ಮಗಳು "ಊಟಕ್ಕೆ ಬನ್ನಿ", "ಟೀ ಇಟ್ಟಿದೀನಿ, ಕುಡೀರಿ" ಎಂದಳು. ಇಷ್ಟು ಮರ್ಯಾದೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಮಷಿನಿಗೆ ಮರಳುತ್ತಿದ್ದೆ.

ಶನಿವಾರ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ಕೂತೆ. ಬೋಳು ತೋಳು, ಮುಟ್ಟಿಕೊಳ್ಳಲು ಏನೂ ಇಲ್ಲ. ಎರಡು ತಪ್ಪು, ಮೂರು ಸರಿ, ಮತ್ತೆ ಎರಡು ತಪ್ಪು. ಉಳಿದ ಮೂರೂ ಸರಿಯಾಗಲೇಬೇಕಿತ್ತು. ಗೋಡೆ ಪಕ್ಕದ ಕುರ್ಚಿ ಒಂದು ಸಲ ಕಿರುಗುಟ್ಟಿತು, ನಾನು ಆ ಕಡೆ ನೋಡಲಿಲ್ಲ. ನಿಧಾನವಾಗಿ, ಒಂದೊಂದೇ ಹೇಳಿದೆ. ಮೇಡಂ ಪೆನ್ನು ಮುಚ್ಚಿ "ಆರು" ಎಂದರು.

ಮೆಟ್ಟಿಲು ಇಳಿಯುವಾಗ ಮಗಳು ನನಗಿಂತ ಎರಡು ಮೆಟ್ಟಿಲು ಮುಂದಿದ್ದಳು. ಕೆಳಗೆ ಹೋಗಿ ನಿಂತು, ಹಿಂತಿರುಗಿ ನನ್ನ ಎದೆಯ ಕಡೆ ನೋಡಿದಳು.

"ಅಪ್ಪ, ನೀನು ಎರಡನೇ ಗುಂಡಿ ಹಾಕೋದೇ ಮರೆತಿದೀಯಲ್ಲಪ್ಪ."

ನನಗೆ ಕಣ್ಣು ತುಂಬಿ ಬಂತು. ಗುಂಡಿಯ ಜಾಗವನ್ನು ಕೈಯಿಂದ ಮುಚ್ಚಿಕೊಂಡೆ.

"ಏನಂದೆ?" ಎಂದೆ.

"ಗುಂಡಿ ಇಲ್ಲ ಅಂದೆ."

"ಅದಲ್ಲ. ಅದಕ್ಕಿಂತ ಮುಂಚೆ."

ಅವಳು ಒಂದು ಮೆಟ್ಟಿಲು ವಾಪಸು ಹತ್ತಿದಳು. "'ನೀನು' ಅಂದೆ" ಎಂದಳು.