ಹಂದಿಬಾನಿಯ ಜಾಗ

ತಂಗಿಯ ಮನೆಯಿಂದ ಮರಳಿ ಬಂದು ನೋಡಿದರೆ, ನನ್ನ ಅಡುಗೆಮನೆಯ ಕಿಟಕಿಯ ಕೆಳಗಿದ್ದ ಕಲ್ಲುಬಾನಿ ಮಾಯವಾಗಿತ್ತು. ಅದಿದ್ದ ಜಾಗದಲ್ಲಿ ಕೋಣದಂಥ ಕಪ್ಪು ಕಾರೊಂದು ನಿಂತಿತ್ತು. ಹಾಡಹಗಲೇ ಒಳಗೆ ದೀಪ ಹಾಕಬೇಕಾಯಿತು. ಯಾರ್ಕ್‌ಶೈರಿನ ಈ ಕಣಿವೆಗೆ ಬಿಸಿಲು ಬರುವುದೇ ಅಪರೂಪ; ಬಂದಷ್ಟು ನನ್ನ ಕಿಟಕಿಗೆ ಬರುತ್ತಿತ್ತು. ಅದನ್ನೂ ಕಿತ್ತುಕೊಂಡರೆ ನನಗೆ ಮೈ ಉರಿಯದೆ ಇನ್ನೇನು?

ಕಾರು ಯಾರ ಕಡೆಯದೆಂದು ಕೇಳಬೇಕಾಗಿರಲಿಲ್ಲ. ಓಣಿಯ ತುದಿಯ ಮನೆ ಕೊಂಡ ಗ್ರೇಮ್ ಪಾಸ್ಕೊ ಅದರ ಅರ್ಧವನ್ನು ವಾರಾಂತ್ಯದ ಅತಿಥಿಗಳಿಗೆ ಬಾಡಿಗೆಗೆ ಕೊಡುತ್ತಾನೆ. ಅವನ ಕಾರು ಅವನ ಅಂಗಳದಲ್ಲಿ, ಅತಿಥಿಗಳ ಕಾರು ನನ್ನ ಬಾಗಿಲಲ್ಲಿ. ನಾನು ತಂಗಿಯ ಮನೆಗೆ ಹೊರಡುವ ಮೊದಲೇ, ಇದು ನನ್ನ ಜಾಗವೆಂದು ಹೇಳಿದ್ದಕ್ಕೆ ನಕ್ಕಿದ್ದ. "ಖಾಲಿ ಬಾನಿ ತಾನೇ ಮಿಸೆಸ್ ಆಲ್ಡರ್ಸನ್? ಪಕ್ಕಕ್ಕೆ ಸರಿಸಿದ್ರೆ ನಿಮ್ಮದೇನು ಗಂಟು ಹೋಗುತ್ತೆ?"

ಖಾಲಿ ಎನ್ನುವುದು ನಿಜ. ನಮ್ಮತ್ತೆಯ ಹಂದಿಗಳು ಅದರಲ್ಲಿ ಕಲಗಚ್ಚು ಕುಡಿದಿದ್ದವು. ನನ್ನ ಗಂಡ ತಳಕ್ಕೆ ತೂತು ಕೊರೆದು, ಬೆಟ್ಟದ ಪುಟ್ಟ ಗಿಡಗಳನ್ನು ನೆಡುತ್ತೇನೆಂದು ಹೇಳಿ ಹೇಳಿ, ನೆಡದೆಯೇ ತೀರಿಕೊಂಡ. ಈ ವಸಂತದಲ್ಲಿ ನೆಟ್ಟೇ ತೀರುವೆನೆಂದು ನಾನು ಗಿಡಗಳನ್ನು ಕುಂಡಗಳಲ್ಲಿ ಸಾಕಿಕೊಂಡಿದ್ದೆ.

ಬಾನಿಯನ್ನು ಹುಡುಕಿ ತೋರಿಸಿದವಳು ಪಕ್ಕದ ಮನೆಯ ಮ್ಯೂರಿಯಲ್. ಪಾಸ್ಕೊನ ಆಳುಗಳು ಅದನ್ನು ಕಬ್ಬಿಣದ ಕೊಳವೆಗಳ ಮೇಲೆ ಉರುಳಿಸಿಕೊಂಡು ಹೋಗಿ, ಸರಿಯಾಗಿ ಅವನ ಗೇಟಿನ ಹೊರಗೆ ಅಡ್ಡಲಾಗಿ ಬಿಟ್ಟು, ಕೆಲಸದ ಹೊತ್ತು ಮುಗಿಯಿತೆಂದು ಹೊರಟುಹೋಗಿದ್ದರು.

"ನಾಳೆ ಬಂದು ಒಳಗೆ ಹಾಕ್ತಾರಂತೆ. ಅವನ ಅಂಗಳಕ್ಕೆ ಅಲಂಕಾರವಂತೆ," ಎಂದಳು. "ಅವನು ಕಾರಲ್ಲಿ ಲೀಡ್ಸ್‌ಗೆ ಹೋಗಿದಾನೆ."

ನಾನು ತಳ್ಳುಗಾಡಿ ತಂದೆ. ತೂತಿನ ಮೇಲೆ ಒಡೆದ ಕುಂಡದ ಚೂರು ಬೋರಲಾಗಿ ಇಟ್ಟೆ. ಮೇಲೆ ಜಲ್ಲಿ ಸುರಿದೆ.

"ಏನೇ ಎನಿಡ್, ತಲೆ ಕೆಟ್ಟಿದೆಯಾ?" ಮ್ಯೂರಿಯಲ್ ಕೂಗಿಕೊಂಡಳು. "ತುಂಬಿದ್ಮೇಲೆ ಅದು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಮೊದಲು ಜಾಗ, ಆಮೇಲೆ ಮಣ್ಣು. ನಮ್ಮೂರ ಮಕ್ಕಳಿಗೂ ಗೊತ್ತು!"

"ಪಾಸ್ಕೊಗೆ ಗೊತ್ತಿಲ್ವಲ್ಲ," ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಓಡಿಹೋಗಿ ತನ್ನ ಗಾಡಿಯನ್ನೂ ತಂದಳು.

ಮರಳು ಬೆರೆಸಿದ ಮಣ್ಣು ತುಂಬಿ, ಸುಣ್ಣಕಲ್ಲಿನ ಚಪ್ಪಡಿಗಳನ್ನು ಒತ್ತೊತ್ತಾಗಿ ನೆಟ್ಟಗೆ ಹೂತು, ಅವುಗಳ ಸಂದಿಯಲ್ಲಿ ಗಿಡ ನೆಟ್ಟೆವು. ನೀಲಿ ಜೆನ್ಷಿಯನ್, ಅಂಚಿಗೆ ಇಳಿಬೀಳುವ ಥೈಮ್, ಬೆಳ್ಳಿಯಂಚಿನ ಎಲೆಯ ಸ್ಯಾಕ್ಸಿಫ್ರೇಜ್. ಸೊಂಟ ಬಿದ್ದುಹೋಯಿತು, ಆದರೆ ಅಷ್ಟು ಖುಷಿ ನನಗೆ ಬಹಳ ಕಾಲದಿಂದ ಆಗಿರಲಿಲ್ಲ.

ಸಂಜೆ ಪಾಸ್ಕೊನ ಹಾರನ್ ಊರಿಗೆಲ್ಲ ಕೇಳಿಸಿತು. ನಾನು ನಿಧಾನವಾಗಿ ಹೋದೆ.

"ಯಾರ್ರೀ ಇದನ್ನ ಇಲ್ಲಿಟ್ಟಿದ್ದು?"

"ನೀವೇ."

"ನಾನಿಟ್ಟಿದ್ದು ಖಾಲಿ ಬಾನಿ!"

"ಬಾನಿ ನಂದು, ಓಣಿ ಊರಿಂದು. ನೀವು ಆರಿಸಿದ ಜಾಗದಲ್ಲೇ ಗಿಡ ನೆಟ್ಟಿದೀನಿ, ಮಹಾರಾಯರೇ."

ಮರುದಿನ ಆಳುಗಳು ಹಾರೆ ಹಾಕಿ ಮೀಟಿದರು. ಅದು ಮಿಸುಕಲಿಲ್ಲ. ಒಬ್ಬ ಸೊಂಟ ಹಿಡಿದುಕೊಂಡು, "ಖಾಲಿ ಮಾಡದೆ ಆಗಲ್ಲ ಸಾರ್," ಎಂದ. ಪಾಸ್ಕೊ ಸಲಿಕೆಗೆ ಕೈಹಾಕಿದ. ನಾನು ಬಾನಿಯ ಅಂಚಿನ ಮೇಲೆ ಕುಳಿತೆ.

"ಒಂದು ಬೇರು ಹರಿದ್ರೂ ಊರನ್ನೇ ಸೇರಿಸ್ತೀನಿ. ಸಲಿಕೆ ಅಲ್ಲ, ಕೈಯಲ್ಲಿ ತೆಗೀರಿ. ಆಳುಗಳಲ್ಲ, ನೀವು. ತೆಗೆದು, ಬಾನೀನ ನನ್ನ ಕಿಟಕಿ ಕೆಳಗೆ ವಾಪಸ್ ಇಡ್ಬೇಕು."

"ಇಡದಿದ್ರೆ?"

"ಜೆನ್ಷಿಯನ್ ಇಲ್ಲೇ ಚೆನ್ನಾಗಿ ಅರಳುತ್ತೆ. ನಂಗೇನೂ ಅವಸರ ಇಲ್ಲ."

ಅವನು ನನ್ನನ್ನು ನೋಡಿದ, ಗೇಟನ್ನು ನೋಡಿದ, ಕೋಟು ಬಿಚ್ಚಿದ.

ಅತಿಥಿಗಳು ಕಾರು ತೆಗೆದುಕೊಂಡು ಸುತ್ತಾಡಲು ಹೋಗಿದ್ದರು. ಖಾಲಿಯಾದ ಬಾನಿ ಆಳುಗಳ ಕೊಳವೆಗಳ ಮೇಲೆ ಉರುಳಿ ಬಂದು ಕಿಟಕಿಯ ಕೆಳಗೆ ಕೂತಿತು. ನಾನು ಕುರ್ಚಿ ಹಾಕಿಕೊಂಡು ಬೆರಳು ತೋರಿಸುತ್ತಾ ಹೋದೆ, ಪಾಸ್ಕೊ ತುಂಬುತ್ತಾ ಹೋದ: ಮೊದಲು ಕುಂಡದ ಚೂರು, ಆಮೇಲೆ ಜಲ್ಲಿ, ಆಮೇಲೆ ಮಣ್ಣು. ಜಲ್ಲಿ ಅರ್ಧ ಸಾಕಲ್ಲವೇ ಎಂದು ಕೇಳಿದ. ಸಾಲದು ಎಂದೆ. ಥೈಮನ್ನು ಅವನು ಮೂರು ಸಲ ತಪ್ಪಾಗಿ ನೆಟ್ಟ, ಮೂರು ಸಲವೂ ಕೀಳಿಸಿದೆ. ನಾಲ್ಕನೆಯ ಸಲ ನಾನು ಬಾಯಿ ತೆಗೆಯುವ ಮೊದಲೇ ಅವನೇ ಕಿತ್ತು, ತಲೆ ಓರೆ ಮಾಡಿ ನೋಡಿ, ಇನ್ನಷ್ಟು ಅಂಚಿಗೆ ಇಟ್ಟ. ಮೊಣಕೈವರೆಗೂ ಮಣ್ಣಾಗಿತ್ತು.

ಆಗಲೇ ಆ ಕಪ್ಪು ಕಾರು ತಿರುಗಿ ಬಂದು, ಹಿಂದಿನ ದಿನದಂತೆಯೇ ಕಿಟಕಿಯ ಕಡೆಗೆ ಹೊರಳಿ ಬಿಸಿಲಿಗೆ ಅಡ್ಡ ಬಂತು. ಪಾಸ್ಕೊ ಎರಡೂ ಕೈ ಚಾಚಿಕೊಂಡು ಅಡ್ಡ ಹಾರಿದ.

"ಏಯ್! ಕಣ್ಣು ಕಾಣಲ್ವಾ? ಈಗಷ್ಟೇ ಗಿಡ ನೆಟ್ಟಿದೀನಿ! ಕೆಳಗಡೆ ಮೈದಾನದ ಹತ್ರ ನಿಲ್ಲಿಸ್ರೀ!"

ಕಾರು ಹಿಂದೆ ಸರಿಯಿತು. ಅಡುಗೆಮನೆಯೊಳಗೆ ಮತ್ತೆ ಬಿಸಿಲು ಬಿತ್ತು. ನಾನು ಎದ್ದುಹೋಗಿ ಬೆಳಿಗ್ಗೆ ಹಾಕಿದ್ದ ದೀಪ ಆರಿಸಿದೆ.