ಒಂಬತ್ತನೇ ನಂಬರಿನ ಫೌಲು

ರೆಫರಿ ಸೀಟಿ ಊದಿ, ಸ್ಕೋರ್ ಬರೆಯುವ ಮೇಜಿನ ಕಡೆ ತಿರುಗಿ ಎರಡೂ ಕೈ ಎತ್ತಿದ. ಒಂದು ಕೈಯಲ್ಲಿ ಐದು ಬೆರಳು, ಇನ್ನೊಂದರಲ್ಲಿ ಮೂರು. ಎಂಟನೇ ನಂಬರು. ಅಂದರೆ ಗುಬ್ಬಿ.

ಬೆಂಚಿನಲ್ಲಿದ್ದ ಕೋಚ್ ಪೆನ್ಸಿಲ್ ಎತ್ತಿಕೊಂಡಳು. ಅವಳ ತೊಡೆಯ ಮೇಲಿದ್ದ ಪುಟ್ಟ ಪುಸ್ತಕದಲ್ಲಿ ಎಂಟರ ಮುಂದೆ ಆಗಲೇ ನಾಲ್ಕು ಗೀಟುಗಳಿದ್ದವು, ಐದನೆಯದನ್ನೂ ಎಳೆದಳು. ಬಾಸ್ಕೆಟ್‌ಬಾಲಿನಲ್ಲಿ ಐದು ಫೌಲಾದರೆ ಆಟಗಾರ್ತಿ ಹೊರಗೆ, ಅದಕ್ಕೆ ಅಪೀಲಿಲ್ಲ. ಫೈನಲ್ ಮುಗಿಯಲು ಇನ್ನೂ ನಾಲ್ಕು ನಿಮಿಷವಿತ್ತು, ಮುಂದಿದ್ದದ್ದು ಬರೀ ಮೂರು ಅಂಕ. ಆರಡಿ ಎತ್ತರದ ಹುಡುಗಿಗೆ ಗುಬ್ಬಿ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ ಏನೋ, ಈ ತಂಡದ ಅರ್ಧ ಅಂಕ ಅವಳು ಹಾಕಿದ್ದೇ.

ಮೇಜಿನ ಹಿಂದೆ ಕೂತಿದ್ದ ಮೇಷ್ಟ್ರು ಹಾಳೆಯ ಮೇಲೆ ಬಗ್ಗಿ ಬರೆದರು. ಆಮೇಲೆ, ಇದು ಎಷ್ಟನೇ ಫೌಲ್ ಎಂದು ಎಲ್ಲರಿಗೂ ತೋರಿಸುವ ಅಂಕಿಯ ಹಲಗೆ ಎತ್ತಿದರು. ಅದರಲ್ಲಿ ನಾಲ್ಕು ಎಂದಿತ್ತು.

ಬುಟ್ಟಿಯ ಕೆಳಗೆ ತಪ್ಪೊಪ್ಪಿಕೊಂಡು ಅರ್ಧ ಕೈ ಎತ್ತಿದ್ದ ಗುಬ್ಬಿ ಹಲಗೆ ನೋಡಿ ಕೈ ಇಳಿಸಿದಳು. ಚೆಂಡಿಗೆ ಅವಳೂ ಕ್ಯಾಪ್ಟನ್ನೂ ಒಟ್ಟಿಗೆ ಹಾರಿದ್ದರು. ಒಂಬತ್ತನೇ ನಂಬರಿನ ಕ್ಯಾಪ್ಟನ್ ಮೇಜಿಗೆ ಬೆನ್ನು ಹಾಕಿ, ಬಿದ್ದ ಎದುರಾಳಿ ಹುಡುಗಿಯನ್ನು ಎಬ್ಬಿಸುತ್ತಿದ್ದಳು. ಎದುರಾಳಿ ಬೆಂಚಿನವರ ಕಣ್ಣೂ ಆ ಹುಡುಗಿಯ ಮೇಲೇ. ರೆಫರಿ ಆಗಲೇ ಅತ್ತ ತಿರುಗಿಯಾಗಿತ್ತು.

ಎದುರಾಳಿಗಳು ಟೈಮ್ ಔಟ್ ಕೇಳಿದರು. ಹುಡುಗಿಯರು ನೀರಿನ ಬಾಟಲಿಗೆ ಮುಗಿಬಿದ್ದಾಗ ಕೋಚ್ ಎದ್ದು ಮೇಜಿನ ಹತ್ತಿರ ಹೋದಳು.

"ಮೇಷ್ಟ್ರೇ, ಈಗಿನ ಫೌಲ್ ಯಾರಿಗೆ ಬರೆದ್ರಿ?"

"ಒಂಬತ್ತಕ್ಕೆ. ಮೂರಿತ್ತು, ನಾಲ್ಕಾಯ್ತು."

"ರೆಫರಿ ಎಂಟು ತೋರಿಸಿದ್ರು."

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಅಂಕಣದ ಆ ತುದಿಯಲ್ಲಿ ಯಾರ ಹೆಬ್ಬೆರಳು ಗೆರೆ ತುಳಿಯಿತು ಎಂದು ಈ ತುದಿಯಲ್ಲಿ ನಿಂತು ಹೇಳುತ್ತಿದ್ದ ಕಣ್ಣುಗಳು ಅವು. ಈಗಲೂ ಅವಕ್ಕೆ ಏನೂ ಆಗಿರಲಿಲ್ಲ.

"ನಂಗೆ ಒಂಬತ್ತು ಕಾಣಿಸ್ತು," ಎಂದರು, ಪಕ್ಕದಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದವನಿಗೆ ಕೇಳದಷ್ಟು ಮೆಲ್ಲಗೆ. "ಹೋಗಮ್ಮ. ಹುಡುಗೀರು ಕಾಯ್ತಿದಾರೆ."

ಅವಳಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

ಮೇಷ್ಟ್ರು ಈ ಕಾಲೇಜಿಗೆ ಇಪ್ಪತ್ತಾರು ವರ್ಷ ಕೋಚ್ ಆಗಿದ್ದವರು. ಈ ಕಪ್ಪಿಗೆ ನಾಲ್ಕು ಸಲ ಫೈನಲ್ ಆಡಿಸಿ, ನಾಲ್ಕು ಸಲವೂ ಬರಿಗೈಯಲ್ಲಿ ಮನೆಗೆ ಹೋಗಿದ್ದರು. ರಿಟೈರಾದ ಮೇಲೆ ಮನೆಯಲ್ಲಿ ಕೂರಲಾಗದೆ ಪಂದ್ಯಗಳಿಗೆ ಸ್ಕೋರ್ ಬರೆಯಲು ಬರುತ್ತಿದ್ದರು. ಇದೇ ಹಾಲಿನಲ್ಲಿ ಅವರಿಂದ ಬೈಸಿಕೊಂಡು ಆಟ ಕಲಿತವಳು ಅವಳು. "ಮೇಜಿನವರನ್ನ ನಂಬ್ಕೊಂಡು ಕೂರ್‍ಬೇಡ, ನಿನ್ನ ಲೆಕ್ಕ ನಿನ್ನ ಹತ್ರ ಇರ್ಲಿ" ಎಂದು ಪುಸ್ತಕ ಇಡುವ ಅಭ್ಯಾಸ ಹಿಡಿಸಿದ್ದೂ ಅವರೇ. ಅವರ ಜಾಗಕ್ಕೆ ಕಾಲೇಜು ಅವಳನ್ನು ಹಂಗಾಮಿಯಾಗಿ ತಂದಾಗ, ಇವಳ ಕೈಲಿ ಏನಾಗುತ್ತೆ ಎಂದು ಮೂಗು ಮುರಿದವರೇ ಹೆಚ್ಚು. ಮೊದಲ ವರ್ಷವೇ ಒಂದೂ ಸೋಲದೆ ಹತ್ತೊಂಬತ್ತು ಪಂದ್ಯ ಗೆದ್ದ ಮೇಲೆ ಆ ಮೂಗುಗಳೆಲ್ಲ ನೆಟ್ಟಗಾಗಿದ್ದವು. ಬೆಳಿಗ್ಗೆ ಪ್ರಿನ್ಸಿಪಾಲರು ಕರೆದು, "ಕಾಯಂ ಆರ್ಡರ್ ಟೈಪ್ ಆಗಿ ನನ್ನ ಟೇಬಲ್ ಮೇಲಿದೆ. ಇವತ್ತು ಗೆದ್ದು ಬನ್ನಿ, ಸಹಿ ಹಾಕ್ತೀನಿ" ಎಂದಿದ್ದರು. ಸೋತರೆ ಏನು ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಈಗ ಬಾಯಿ ಬಿಟ್ಟರೆ ಗುಬ್ಬಿ ಹೊರಗೆ. ಅಷ್ಟೇ ಅಲ್ಲ, ಮೇಷ್ಟ್ರಿಗೆ ಕಣ್ಣು ಕಾಣಿಸುವುದಿಲ್ಲ ಎಂದೋ, ಅದಕ್ಕಿಂತ ಕೆಟ್ಟದ್ದೋ, ಅವರದೇ ಹಾಲಿನಲ್ಲಿ ನಾಲ್ಕು ಜನರ ಮುಂದೆ ಹೇಳಿದಂತೆ. ಮೇಷ್ಟ್ರ ಮಾನಕ್ಕಾಗಿ ಸುಮ್ಮನಿರುತ್ತಿದ್ದೇನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಕ್ಯಾಪ್ಟನ್‌ಗೆ ತಾನೇ ಏನು ನಷ್ಟ, ಅವಳಿಗೆ ಇನ್ನೂ ಒಂದು ಫೌಲ್ ಬಾಕಿ ಇದೆ. ಬೆಂಚಿಗೆ ಬರುವಷ್ಟರಲ್ಲಿ ಈ ಮಾತು ಅವಳಿಗೇ ಸರಿ ಎನಿಸತೊಡಗಿತ್ತು. ಎಂಟರ ಮುಂದಿನ ಐದನೇ ಗೀಟನ್ನು ಗೊತ್ತಾಗದ ಹಾಗೆ ತೀಡಿ ಅಳಿಸಿ, ಒಂಬತ್ತರ ಮುಂದೆ ಒಂದು ಎಳೆದಳು.

"ಅಕ್ಕ, ನಾನು ಆಡ್ಲಾ?" ಗುಬ್ಬಿ ಕೇಳಿದಳು. ಕಾಲೇಜಿನ ಹಳೇ ಆಟಗಾರ್ತಿ ಎಂದು ಹುಡುಗಿಯರೆಲ್ಲ ಕೋಚನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಎಂದೂ ಇಲ್ಲದ ಪ್ರಶ್ನೆ ಅದು. ಕೋಚ್ ಅವಳ ಮುಖ ನೋಡದೆ, "ಆಡು," ಎಂದಳು.

ಗುಬ್ಬಿ ಆಡಿದಳು. ಬಂದ ತಕ್ಷಣ ಒಂದು ಬಾಸ್ಕೆಟ್, ನಿಮಿಷ ಕಳೆಯುವುದರೊಳಗೆ ಇನ್ನೊಂದು. ಗ್ಯಾಲರಿಯಲ್ಲಿ ಕಾಲು ಕುಟ್ಟುವ ಸದ್ದಿಗೆ ತಗಡಿನ ಚಾವಣಿ ಅದುರಿತು. ಎದುರಾಳಿಗಳೂ ಬಿಡುವವರಲ್ಲ, ಒಂದೊಂದಾಗಿ ಹಾಕುತ್ತಾ ಹಿಂದೆಯೇ ಬಂದರು. ಕೋಚ್ ಕೂರಲೂ ಆಗದೆ ನಿಲ್ಲಲೂ ಆಗದೆ ಬೆಂಚಿನ ಅಂಚಿನಲ್ಲಿ ಒರಗಿದ್ದಳು. ಪ್ರತಿ ಸೀಟಿಗೂ ಮೇಜಿನ ಕಡೆ ನೋಡುತ್ತಿದ್ದಳು.

ಇಪ್ಪತ್ತೈದು ಸೆಕೆಂಡು ಉಳಿದಿದ್ದಾಗ ಐವತ್ತೊಂಬತ್ತು, ಐವತ್ತೆಂಟು. ಎದುರಾಳಿ ಹುಡುಗಿಯೊಬ್ಬಳು ಚೆಂಡು ತಟ್ಟುತ್ತಾ ನೇರ ಬುಟ್ಟಿಗೆ ನುಗ್ಗಿದಳು. ಕ್ಯಾಪ್ಟನ್ ಎದೆ ಕೊಟ್ಟು ಅಡ್ಡ ನಿಂತಳು. ಬಾಸ್ಕೆಟ್ ಹಾಕುವುದರಲ್ಲಿ ಅವಳು ಅಷ್ಟಕ್ಕಷ್ಟೇ. ಆದರೆ ಅಡ್ಡ ನಿಂತಳೆಂದರೆ ದಾಟಿ ಹೋಗುವುದು ಸುಲಭವಲ್ಲ. ಓದಿನ ಕೊನೇ ವರ್ಷ, ಅವಳಿಗೆ ಇದೇ ಕೊನೇ ಪಂದ್ಯ. ಇಬ್ಬರೂ ಬಿದ್ದರು. ಸೀಟಿ.

ರೆಫರಿಯ ಒಂದು ಕೈಯಲ್ಲಿ ಐದು ಬೆರಳು, ಇನ್ನೊಂದರಲ್ಲಿ ನಾಲ್ಕು.

ಮೇಷ್ಟ್ರು ಬರೆದರು. ಹಲಗೆಗಳ ಮೇಲೆ ಅವರ ಕೈ ಒಂದು ಗಳಿಗೆ ತಡೆದು ನಿಂತಿತು. ಆಮೇಲೆ ಕೆಂಪು ಬಣ್ಣದಲ್ಲಿ ಐದು ಎಂದು ಬರೆದದ್ದನ್ನು ಎತ್ತಿದರು.

ಕ್ಯಾಪ್ಟನ್ ನಕ್ಕೇಬಿಟ್ಟಳು. "ಮೇಷ್ಟ್ರೇ, ನಂದಲ್ಲ ಅದು. ನಂಗೆ ಈಗ ನಾಲ್ಕು." ಮೇಷ್ಟ್ರು ತಲೆ ಎತ್ತಲಿಲ್ಲ. ಅವಳು ನೇರ ಬೆಂಚಿಗೆ ಓಡಿ ಬಂದಳು. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. "ಅಕ್ಕ, ತಪ್ಪು ಬರೆದಿದಾರೆ. ನಿಮ್ಮ ಪುಸ್ತಕ ತೋರಿಸಿ."

ರೆಫರಿಯೂ ಬಂದ. "ನಿಮ್ಮ ಹತ್ರ ಎಷ್ಟಿದೆ ಕೋಚ್?"

ಈ ತಂಡದಲ್ಲಿ ಆ ಪುಸ್ತಕದ ಮಾತೇ ಕೊನೆ. ಅಭ್ಯಾಸಕ್ಕೆ ಯಾರು ತಡ, ಯಾರು ಎಷ್ಟು ಸುತ್ತು ಓಡಿದರು, ಎಲ್ಲ ಅದರಲ್ಲಿ. ಒಂದು ಸಲವೂ ಅದು ತಪ್ಪಿರಲಿಲ್ಲ. ಕೋಚ್ ಅದನ್ನು ಮುಚ್ಚಿ ಹಿಡಿದಳು. ಸತ್ಯ ಹೇಳಲು ಒಂದೇ ಮಾತು ಸಾಕಿತ್ತು. ಆದರೆ ಅದನ್ನು ಹೇಳಿದರೆ ಕಳೆದ ಮೂರೂವರೆ ನಿಮಿಷವನ್ನೂ ಹೇಳಬೇಕು, ತೀಡಿದ ಗೀಟನ್ನೂ ತೋರಿಸಬೇಕು. ಗುಬ್ಬಿ ಅಂಕಣದ ನಡುವೆ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದಳು.

"ಐದು," ಎಂದಳು ಕೋಚ್. "ಮೇಜಿನವರದು ಸರಿಯಾಗಿದೆ."

ರೆಫರಿ ಹೊರಟುಹೋದ. ಕ್ಯಾಪ್ಟನ್ ಅಲ್ಲೇ ನಿಂತಳು. ಜಗಳವಾಡುತ್ತಾಳೆ ಎಂದುಕೊಂಡಳು ಕೋಚ್. ಆಡಲಿ, ಬಾಯಿಗೆ ಬಂದಂತೆ ಬೈಯಲಿ ಎಂದು ಆಸೆಯೂ ಪಟ್ಟಳು.

"ಐದಾ," ಎಂದಳು ಹುಡುಗಿ. "ಹಂಗಾದ್ರೆ ನಾನೇ ಎಲ್ಲೋ ಎಣಿಸೋದು ತಪ್ಪಿದೀನಿ. ಸಾರಿ ಅಕ್ಕ. ಗೊತ್ತಿದ್ರೆ ಹಂಗೆ ಅಡ್ಡ ಹೋಗ್ತಿರ್ಲಿಲ್ಲ." ಬದಲಿಗೆ ಹೋಗುತ್ತಿದ್ದ ಹುಡುಗಿಯ ಬೆನ್ನು ತಟ್ಟಿ, "ಹೆದ್ರಬೇಡ, ಗುಬ್ಬಿಗೆ ಪಾಸ್ ಕೊಡು ಸಾಕು," ಎಂದು ಹೇಳಿ ಬೆಂಚಿನ ತುದಿಗೆ ಹೋಗಿ ಕೂತಳು.

ಎದುರಾಳಿ ಹುಡುಗಿ ಫೌಲಿಗೆ ಸಿಕ್ಕ ಎರಡು ಫ್ರೀ ಥ್ರೋಗಳಲ್ಲಿ ಒಂದು ಹಾಕಿದಳು. ಐವತ್ತೊಂಬತ್ತು ಸಮ. ಮುಂದಿನದೆಲ್ಲ ಕೋಚ್‌ಗೆ ನೀರಿನೊಳಗಿಂದ ನೋಡಿದಂತೆ ಕಂಡಿತು. ಚೆಂಡು ಕೈಯಿಂದ ಕೈಗೆ ಹೋಗಿ ಗುಬ್ಬಿಯ ಹತ್ತಿರ ಬಂತು. ಗಡಿಯಾರದಲ್ಲಿ ಮೂರು ಸೆಕೆಂಡು. ಅವಳು ಯಾವ ಉತ್ಸಾಹವೂ ಇಲ್ಲದೆ, ಕೆಲಸ ಮುಗಿಸುವವಳ ಹಾಗೆ ಎಗರಿ ಎಸೆದಳು. ಚೆಂಡು ಬಲೆಯೊಳಗೆ ಇಳಿಯಿತು.

ಹಾಲಿನ ಜನರೆಲ್ಲ ಅಂಕಣಕ್ಕೆ ನುಗ್ಗಿದರು. ಪ್ರಿನ್ಸಿಪಾಲರು ಜನರ ನಡುವೆ ದಾರಿ ಮಾಡಿಕೊಂಡು ಬಂದು ಕೋಚ್ ಕೈ ಕುಲುಕಿ, "ನಾಳೆ ಬೆಳಿಗ್ಗೆ ಮೊದಲ ಕೆಲಸ ನಿಮ್ಮದೇ," ಎಂದರು. ಅವರ ಹಿಂದೆಯೇ ಮೇಷ್ಟ್ರು. ಕಣ್ಣು ತುಂಬಿತ್ತು.

"ಇಪ್ಪತ್ತಾರು ವರ್ಷ ಮಗಳೇ," ಎಂದರು. "ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ನೋಡ್ಬೇಕು ಅಂತಿತ್ತು." ಕನ್ನಡಕ ಒರೆಸುತ್ತಾ, "ಆ ಹುಡುಗಿಗೆ ಹಿಂಗಾಗುತ್ತೆ ಅಂದ್ಕೊಂಡಿರ್ಲಿಲ್ಲ ನಾನು," ಎಂದು ಸೇರಿಸಿದರು.

"ನಾನೂ," ಎಂದಳು ಕೋಚ್. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ಮೇಷ್ಟ್ರ ಕೈ ತಣ್ಣಗಿತ್ತು.

ಮೈಕಿನಲ್ಲಿ ಕಪ್ಪು ತೆಗೆದುಕೊಳ್ಳಲು ಕ್ಯಾಪ್ಟನ್ ಬರಬೇಕೆಂದು ಕರೆದರು. ಎರಡನೇ ಸಲವೂ ಕರೆದರು. ಕೋಚ್ ತಿರುಗಿ ನೋಡಿದಳು. ಗೆಳತಿಯರು ಕುಣಿಯುತ್ತಿದ್ದ ಗುಂಪಿನಿಂದ ಆಚೆ, ಬೆಂಚಿನ ತುದಿಯಲ್ಲಿ, ಕ್ಯಾಪ್ಟನ್ ಇನ್ನೂ ಕೂತೇ ಇದ್ದಳು. ಅಳುತ್ತಿರಲಿಲ್ಲ. ಕಣ್ಣು ಅಂಕಣದ ಮೇಲಿತ್ತು; ಒಮ್ಮೆ ಈ ಗೆರೆ, ಒಮ್ಮೆ ಆ ಬುಟ್ಟಿಯ ಕೆಳಗೆ. ತುಟಿ ಅಲುಗುತ್ತಿತ್ತು. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಮಡಚುತ್ತಾ ಬಂದಳು. ನಾಲ್ಕು ಮಡಚಿಯಾಯಿತು. ಅಲ್ಲಿಗೆ ನಿಂತು, ಎಲ್ಲ ಬೆರಳನ್ನೂ ಬಿಡಿಸಿ, ಮತ್ತೆ ಮೊದಲಿನಿಂದ ಶುರುಮಾಡಿದಳು. ಹೆಬ್ಬೆರಳು ಈ ಸಲವೂ ನೆಟ್ಟಗೇ ಉಳಿಯಿತು.