ಸೋದರತ್ತೆಯ ಮುನಿಸು

ಗಂಡನ ಅಕ್ಕ ಮುನಿಸಿಕೊಂಡರೆ ತಮ್ಮನ ಹೆಂಡತಿಗೆ ಬಸಿರು ನಿಲ್ಲುವುದಿಲ್ಲ ಎಂಬ ಮಾತು ಪೆಸಿಫಿಕ್ ಸಾಗರದ ಟೋಂಗಾ ದ್ವೀಪದವರಲ್ಲಿ ಬಹಳ ಹಳೆಯದು. ಅವರಲ್ಲಿ ಹುಟ್ಟುವ ಮಗುವಿಗೆ ಅಪ್ಪನಿಗಿಂತ ಸೋದರತ್ತೆಯೇ ದೊಡ್ಡವಳಲ್ಲವೆ! ಆಕ್ಲೆಂಡಿನ ಬಂಜೆತನದ ಆಸ್ಪತ್ರೆಯೊಂದರಲ್ಲಿ ಅಂಡಾಣು ಮಾಗಿಸುವ, ಹೆಪ್ಪುಗಟ್ಟಿಸಿಡುವ ಕೆಲಸದಲ್ಲಿದ್ದ ಲುಸಿಯಾನೆ ಮಾತ್ರ ಇದನ್ನು ಕೇಳಿದಾಗಲೆಲ್ಲ ನಗುತ್ತಿದ್ದಳು. "ಅತ್ತಿಗೆ ಯಾರು, ನಾದಿನಿ ಯಾರು ಅಂತ ಹಾರ್ಮೋನಿಗೆ ಗೊತ್ತಿರತ್ತಾ?" ಎನ್ನುತ್ತಿದ್ದಳು.

ನಗುವೇನೋ ಸರಿ, ಮುನಿಸು ಮಾತ್ರ ನಿಜಕ್ಕೂ ಇತ್ತು. ಎರಡು ವರ್ಷದ ಹಿಂದೆ ಚರ್ಚಿನ ಅಡಿಗೆಮನೆಯಲ್ಲಿ ಕೆಸುವಿನೆಲೆ ಮಡಿಸುತ್ತ ಕೂತಿದ್ದ, ಲುಸಿಯಾನೆಯ ತಮ್ಮ ಪೆನಿಸೋನಿಯ ಹೆಂಡತಿ ತೆಲೆಸಿಯಾ, "ನಮ್ಮ ಅತ್ತಿಗೆಗೆ ನಲವತ್ತು ದಾಟ್ತು, ಇನ್ನೂ ಊರವರ ಮೊಟ್ಟೆಗೇ ಕಾವು ಕೊಡ್ತಾ ಕೂತಿದಾರೆ" ಎಂದಿದ್ದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಲುಸಿಯಾನೆಯೂ ನಕ್ಕಳು. ಅವತ್ತಿನಿಂದ ತೆಲೆಸಿಯಾ ಬಡಿಸಿದ್ದು ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಈಗ ಅದೇ ತೆಲೆಸಿಯಾ ಅದೇ ಆಸ್ಪತ್ರೆಗೆ ಬಂದಿದ್ದಳು. ಹಿಂದೊಮ್ಮೆ ಅಂಡಾಣು ಬೆಳೆಸುವ ಇಂಜೆಕ್ಷನ್ ಮೈಗೆ ಒಗ್ಗದೆ, ಹೊಟ್ಟೆ ಊದಿ, ಪ್ರಾಣಕ್ಕೇ ಸಂಚಕಾರ ಬಂದಿತ್ತು. ಹಾಗಾಗಿ ಈ ಸಲ ಎಳೆಯ ಅಂಡಾಣುಗಳನ್ನೇ ತೆಗೆದು, ಪ್ರಯೋಗಾಲಯದಲ್ಲಿ ಮಾಗಿಸಿ, ಪೆನಿಸೋನಿ ಆಸ್ಟ್ರೇಲಿಯಾದ ಗಣಿ ಕೆಲಸದಿಂದ ಬರುವವರೆಗೆ ಹೆಪ್ಪುಗಟ್ಟಿಸಿಡುವುದೆಂದಾಯಿತು. ಇವೂ ಮಾಗದಿದ್ದರೆ ಇಲ್ಲಿಗೆ ಸಾಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮನೆಯವರದನ್ನು ಮನೆಯವರು ಮುಟ್ಟಬಾರದೆಂಬ ನಿಯಮವಿದ್ದುದರಿಂದ ಕೆಲಸ ಬ್ರಾನ್ವೆನ್ ಎಂಬ ಸಹೋದ್ಯೋಗಿಯ ಪಾಲಿಗೆ ಬಂತು.

ಅಂಡಾಣು ತೆಗೆಸಿಕೊಂಡ ದಿನವೇ ಸಂಜೆ ತೆಲೆಸಿಯಾ ಸೊಂಟಕ್ಕೆ ಹರಿದ ಚಾಪೆ ಸುತ್ತಿಕೊಂಡು ಬಂದು ಲುಸಿಯಾನೆಯ ಹೊಸಿಲ ಬಳಿ ನೆಲದ ಮೇಲೆ ಕೂತಳು. ತಪ್ಪೊಪ್ಪಿಕೊಳ್ಳುವವರು ಹಾಗೆಯೇ ಬರಬೇಕು.

"ಎದ್ದೇಳೇ, ಇದೇನು ನಾಟಕ?"

"ಏಳಲ್ಲ ಅತ್ತಿಗೆ. ಅವತ್ತು ಎಲುಬಿಲ್ಲದ ನಾಲಿಗೆ ಏನೋ ಅಂದುಬಿಡ್ತು. ಕ್ಷಮಿಸಿದೀನಿ ಅಂತ ಒಂದು ಮಾತು ಹೇಳಿ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಕಣೇ. ಮಾಗೋದಿದ್ರೆ ಮಾಗ್ತವೆ."

"ನಿಮಗೆ ನಂಬಿಕೆನೇ ಇಲ್ವಲ್ಲ, ಬರೀ ಮಾತು ತಾನೇ? ಹೇಳೋಕೇನು ಕಷ್ಟ?"

ಒಳಗಿನಿಂದ ಲುಸಿಯಾನೆಯ ತಾಯಿ ಕೂಗಿದಳು: "ಅಂದುಬಿಡೇ, ಬಾಯಿಂದ ಮುತ್ತು ಉದುರಿಹೋಗತ್ತಾ?"

ಲುಸಿಯಾನೆ ಬಾಯಿ ತೆರೆದಳು. ನಂಬಿಕೆಯೇ ಇಲ್ಲದ ಮಾತು, ಆದರೂ ಬರಲಿಲ್ಲ! ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದವಳು ತೆಲೆಸಿಯಾ ಎದ್ದು ಹೋಗುವವರೆಗೂ ಹೊರಗೆ ಬರಲಿಲ್ಲ.

ಮರುದಿನ ಬ್ರಾನ್ವೆನ್ ಕೈಬೀಸಿ ಕರೆದಳು. "ಬಾರೇ ಇಲ್ಲಿ, ನಾಲ್ಕು ಮಾಗಿವೆ! ಒಂದೊಂದೂ ಚಿನ್ನ."

ಲುಸಿಯಾನೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ನಿಜ, ನಾಲ್ಕೂ ದುಂಡಗೆ ತಿಳಿಯಾಗಿ ಕೂತಿದ್ದವು. ಅವಳಿಗೆ ಸಂತೋಷವಾಗಬೇಕಿತ್ತು, ಆದದ್ದು ಅವಮಾನ. ಅಲ್ಲ, ನಾನಿನ್ನೂ ಕ್ಷಮಿಸಿಯೇ ಇಲ್ಲವಲ್ಲ! ಎರಡು ವರ್ಷ ಜೋಪಾನ ಮಾಡಿದ ಸಿಟ್ಟು ಒಂದು ಅಂಡಾಣುವನ್ನೂ ತಡೆಯದೆ ಹೋಯಿತೆ? ಅವಳ ವಿಜ್ಞಾನ ಗೆದ್ದಿತ್ತು, ಮತ್ತು ಆ ಗೆಲುವು ಅವಳಿಗೆ ಬೇಡವಾಗಿತ್ತು. ಥೂ, ನನ್ನ ಬುದ್ಧಿಗಿಷ್ಟು ಎಂದು ತನ್ನನ್ನೇ ಬೈದುಕೊಂಡಳು.

ನಾಲ್ಕನ್ನೂ ಹೆಪ್ಪುಗಟ್ಟಿಸಿಟ್ಟ ಮೇಲೆ, ತೆಲೆಸಿಯಾಳ ಭಾಷೆ ಬಲ್ಲವಳೆಂದು ಸುದ್ದಿ ಹೇಳುವ ಕೆಲಸ ಲುಸಿಯಾನೆಗೇ ಬಂತು.

"ನಾಲ್ಕು ಮಾಗಿದಾವೆ ಕಣೇ. ಭದ್ರವಾಗಿ ಇಟ್ಟಾಯ್ತು."

ಫೋನಿನಲ್ಲಿ ತೆಲೆಸಿಯಾ ಗೊಳೋ ಎಂದು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಕೇಳಿದಳು: "ಹಾಗಾದ್ರೆ ಕ್ಷಮಿಸಿಬಿಟ್ರಾ ಅತ್ತಿಗೆ?"

ಇಲ್ಲವೆಂದರೆ ಸತ್ಯ, ವಿಜ್ಞಾನ ಎರಡೂ ಉಳಿಯುತ್ತಿದ್ದವು. "ಹೂಂ. ನೀನು ಆ ಕಡೆ ಹೋದ ಕೂಡ್ಲೇ" ಎಂದಳು ಲುಸಿಯಾನೆ. ಸುಳ್ಳು ಬೆಣ್ಣೆಯ ಹಾಗೆ ಜಾರಿ ಬಂತು.

"ನಂಗೊತ್ತಿತ್ತು! ನಿಮ್ಮ ಒಂದು ಮಾತಿಗೆ ಇಷ್ಟು ಶಕ್ತಿ!" ತೆಲೆಸಿಯಾಳ ಸಂತೋಷಕ್ಕೆ ಲಂಗುಲಗಾಮು ಇರಲಿಲ್ಲ. "ಅಲ್ಲಾ ಅತ್ತಿಗೆ, ಕೈಯಲ್ಲೇ ಕೆಲ್ಸ ಇತ್ತಲ್ಲ, ವಯಸ್ಸಿದ್ದಾಗ ನಿಮ್ಮದೂ ನಾಲ್ಕು ಇಟ್ಕೋಬಹುದಿತ್ತಲ್ವಾ?"

ಇದನ್ನು ಲುಸಿಯಾನೆ ಯಾರಿಗೂ ಹೇಳಿರಲಿಲ್ಲ, ಹೆತ್ತ ತಾಯಿಗೂ ಹೇಳಿರಲಿಲ್ಲ.

"ತೆಗೆಸಿದ್ದೆ ಕಣೇ, ಎರಡು ಸಲ. ಒಂದೂ ಮಾಗ್ಲಿಲ್ಲ," ಎಂದಳು. "ನನ್ನ ಮೇಲೆ ಆಗ ಯಾರೂ ಮುನಿಸಿಕೊಂಡೂ ಇರ್ಲಿಲ್ಲ."